ನಾಲ್ಕು ಮೂಲೆಗಳ ಲೆಕ್ಕ: ಟಿಕೋಟಾ ಕಡೆಯ ಒಂದು ಕೃಷಿ ಹೊಂಡದ ಪ್ರಕರಣ ಅಧ್ಯಯನ

ವಿಜಯಪುರ ಜಿಲ್ಲೆಯ ಟಿಕೋಟಾ ತಾಲ್ಲೂಕಿನಲ್ಲಿ ಒಂದು ದ್ರಾಕ್ಷಿ ತೋಟ. ಬೇಸಿಗೆ ಬಂತೆಂದರೆ ಅಲ್ಲಿನ ಬೋರ್‌ವೆಲ್ ಕೈ ಕೊಡುತ್ತದೆ. ಅದಕ್ಕೇ ತೋಟದ ಯಜಮಾನರು ಹೊಲದ ತಗ್ಗಿನ ಕಡೆ ಒಂದು ಕೃಷಿ ಹೊಂಡ ತೆಗೆಸಿದರು. ಸುತ್ತಲಿನ ಊರುಗಳಲ್ಲಿ ಇದು ಹೊಸದೇನಲ್ಲ. 2014ರಲ್ಲಿ ಹೊಂಡಕ್ಕೆ ಸರ್ಕಾರದ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಂಡದ ಮಾತು ಮನೆಮನೆಯಲ್ಲೂ ಇದೆ. ಇವರದು ಸ್ವಂತ ಖರ್ಚಿನ ಹೊಂಡ. ಮಣ್ಣು ತೆಗೆಯಲು ಒಬ್ಬ ಗುತ್ತಿಗೆದಾರರ ಜೊತೆ ಬಾಯಿಮಾತಿನ ಒಪ್ಪಂದ ಆಗಿತ್ತು: ಬ್ರಾಸಿಗೆ 250 ರೂಪಾಯಿ.

ಬ್ರಾಸ್ ಅಂದರೆ 100 ಘನ ಅಡಿ. ಮಹಾರಾಷ್ಟ್ರದ ಗಡಿಗೆ ಹತ್ತಿರ ಇರುವ ನಮ್ಮ ಕಡೆ ಮರಳು, ಗರಸು, ಖಡಿ ಎಲ್ಲದಕ್ಕೂ ಇದೇ ಅಳತೆ. ಘನ ಮೀಟರಿನಲ್ಲಿ ಹೇಳಿದರೆ ಒಂದು ಬ್ರಾಸ್ ಅಂದಾಜು 2.83.

ಹೊಂಡದ ಬಾಯಿ ಒಂದೊಂದು ಬದಿಗೆ 100 ಅಡಿ, ತಳ ಒಂದೊಂದು ಬದಿಗೆ 70 ಅಡಿ, ಆಳ 10 ಅಡಿ. ಕೆಲಸ ಮುಗಿದ ದಿನ ಗುತ್ತಿಗೆದಾರರು ಸಾವಿರ ಬ್ರಾಸ್ ಎಂದು ಲೆಕ್ಕ ಕೊಟ್ಟರು. ಎರಡೂವರೆ ಲಕ್ಷ ರೂಪಾಯಿ. ಯಜಮಾನರ ಮಗ 490 ಬ್ರಾಸ್ ಎಂದ. ಅವನ ಪ್ರಕಾರ 1,22,500 ರೂಪಾಯಿ. ಒಂದೇ ಹೊಂಡಕ್ಕೆ ಒಬ್ಬರದು ಇನ್ನೊಬ್ಬರದಕ್ಕಿಂತ ಎರಡು ಪಟ್ಟು! ಮಾತಿಗೆ ಮಾತು ಬೆಳೆಯಿತು. ಊರಿನ ಹಿರಿಯರು ಹನುಮಪ್ಪನ ಗುಡಿ ಕಟ್ಟೆ ಮೇಲೆ ಕೂಡಿದರು. ನಾನು ಸಿವಿಲ್ ಡಿಪ್ಲೊಮಾ ಓದಿ ಈ ಭಾಗದಲ್ಲಿ ಅಳತೆ, ನಕಾಶೆ ಕೆಲಸ ಮಾಡುವವನು. ಹೀಗಾಗಿ ನನ್ನನ್ನೂ ಕರೆಸಿದರು.

ಇಬ್ಬರ ಲೆಕ್ಕ ಎಲ್ಲಿಂದ ಬಂತು

ಗುತ್ತಿಗೆದಾರರ ಮಾತು ನೇರವಾಗಿತ್ತು. "ಮ್ಯಾಲ ನೂರು ಫೂಟ ಉದ್ದ, ನೂರು ಫೂಟ ಅಗಲ ಐತಿ. ಆಳ ಹತ್ತು ಫೂಟ. ಗುಣಿಸ್ರಿ. ಒಂದು ಲಕ್ಷ ಘನ ಫೂಟ ಆತು, ಸಾವಿರ ಬ್ರಾಸ. ಇದರಾಗ ತಕರಾರ ಏನೈತ್ರಿ?"

ಮಗನದು ಅದಕ್ಕೆ ಉಲ್ಟಾ. "ತಳಾ ನೋಡ್ರಿ. ಎಪ್ಪತ್ತು ಫೂಟೇ ಐತಿ. ಎಪ್ಪತ್ತ ಎಪ್ಪತ್ಲೆ ನಾಲ್ಕು ಸಾವಿರದ ಒಂಬತ್ತು ನೂರು. ಹತ್ತು ಫೂಟ ಆಳ. ನಾಲ್ಕು ನೂರಾ ತೊಂಬತ್ತು ಬ್ರಾಸ."

ಇಬ್ಬರ ಗುಣಾಕಾರವೂ ಸರಿಯೇ ಇದೆ. ಉದ್ದ, ಅಗಲ, ಆಳ ಗುಣಿಸಿದರೆ ಘನ ಅಳತೆ ಬರುತ್ತದೆ ಎಂದು ಶಾಲೆಯಲ್ಲಿ ಕಲಿತದ್ದೂ ಸರಿ. ಆದರೆ ಆ ಸೂತ್ರ ಗೋಡೆ ನೆಟ್ಟಗೆ ನಿಂತ ಜಾಗಕ್ಕೆ ಮಾತ್ರ. ವಿಜಯಪುರದ ತಾಜ್ ಬಾವಡಿ ಎಂಬ ಹಳೆಯ ದೊಡ್ಡ ಬಾವಿ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಅಲ್ಲಿ ಕಲ್ಲಿನ ಕಟ್ಟಡ, ಬದಿಗಳು ನೆಟ್ಟಗಿವೆ. ಮೇಲೆ ಎಷ್ಟು ಅಗಲವೋ ಕೆಳಗೂ ಅಷ್ಟೇ. ನಮ್ಮ ಹೊಂಡ ಮಣ್ಣಿನದು, ಅದರಲ್ಲೂ ಎರಿ ಮಣ್ಣಿನದು, ಅಂದರೆ ಕಪ್ಪು ಮಣ್ಣಿನದು. ನೆಟ್ಟಗೆ ಕಡಿದರೆ ಮೊದಲ ಮಳೆಗೇ ಕುಸಿಯುತ್ತದೆ. ಅದಕ್ಕೇ ಒಂದು ಅಡಿ ಇಳಿದರೆ ಒಂದೂವರೆ ಅಡಿ ಒಳಗೆ ಬರುವಂತೆ ಇಳಿಜಾರು ಕೊಟ್ಟಿದ್ದರು. 10 ಅಡಿ ಇಳಿಯುವಷ್ಟರಲ್ಲಿ ಪ್ರತಿ ಬದಿಯೂ 15 ಅಡಿ ಒಳಗೆ ಬಂತು. ಎರಡು ಬದಿ ಸೇರಿ 30 ಅಡಿ. ಮೇಲಿನ 100 ತಳದಲ್ಲಿ 70 ಆದದ್ದು ಹೀಗೆ.

ಮೇಲಿನ ಅಳತೆ ಹಿಡಿದರೆ ತೆಗೆಯದ ಮಣ್ಣಿಗೂ ದುಡ್ಡು ಕೊಟ್ಟ ಹಾಗೆ. ತಳದ ಅಳತೆ ಹಿಡಿದರೆ ತೆಗೆದ ಮಣ್ಣಿಗೂ ಕೊಡದ ಹಾಗೆ. ಇಲ್ಲಿವರೆಗೆ ಕಟ್ಟೆ ಮೇಲೆ ಕೂತವರಿಗೆಲ್ಲ ಒಪ್ಪಿಗೆ ಆಯಿತು.

ಆಗ ಹಿರಿಯರೊಬ್ಬರು, "ನಡುವಿಂದು ಹಿಡದು ಬಿಡ್ರಿ" ಎಂದರು. ಸಾವಿರಕ್ಕೆ 490 ಕೂಡಿಸಿ ಅರ್ಧ ಮಾಡಿದರೆ 745 ಬ್ರಾಸ್. ಪಿಯುಸಿ ಓದುವ ಯಜಮಾನರ ಮಗಳು ಅಲ್ಲೇ ನಿಂತಿದ್ದಳು. ಅವಳು ಇನ್ನೊಂದು ದಾರಿ ಹೇಳಿದಳು. "ಅಪ್ಪಾ, ಬದಿಯ ಸರಾಸರಿ ತಗೊಂಡ್ರ 85 ಫೂಟ ಬರತೈತಿ. 85 ಗುಣಲೆ 85, ಗುಣಲೆ 10." ಅವಳ ಲೆಕ್ಕ 722.5 ಬ್ರಾಸ್.

ಈಗ ನಾಲ್ಕು ಸಂಖ್ಯೆಗಳಾದವು. ಕೊನೆಯ ಎರಡು ಹತ್ತಿರ ಹತ್ತಿರ ಇದ್ದರೂ ಒಂದೇ ಅಲ್ಲ. ಎರಡೂ "ಸರಾಸರಿ"ಯೇ ಆದರೂ ಉತ್ತರ ಬೇರೆ. ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಏಕೆಂದರೆ ಇಲ್ಲಿಂದ ಮುಂದೆ ಜಗಳ ಹಿಂದೆ ಸರಿದು, ಎಲ್ಲರಿಗೂ ಉತ್ತರ ಏನು ಎಂಬ ಕುತೂಹಲ ಹುಟ್ಟಿತು.

ಮೊದಲು ಟೇಪು ಹಿಡಿದೆವು

ಲೆಕ್ಕಕ್ಕೆ ಕೂಡುವ ಮುಂಚೆ ಅಳತೆ ಖಾತ್ರಿ ಆಗಬೇಕಲ್ವಾ? ಎರಡೂ ಕಡೆಯವರನ್ನು ಕರೆದುಕೊಂಡು ಹೊಲಕ್ಕೆ ಹೋದೆವು. ಟೇಪಿನ ಒಂದು ತುದಿ ಗುತ್ತಿಗೆದಾರರ ಕೈಯಲ್ಲಿ, ಇನ್ನೊಂದು ಯಜಮಾನರ ಮಗನ ಕೈಯಲ್ಲಿ ಕೊಟ್ಟೆ. ಯಾವ ಜಗಳದ ಅಳತೆಯಲ್ಲೂ ನಾನು ಹೀಗೇ ಮಾಡುತ್ತೇನೆ. ತಾವೇ ಹಿಡಿದ ಟೇಪಿನ ಮೇಲೆ ಆಮೇಲೆ ಯಾರೂ ಅನುಮಾನ ಪಡುವುದಿಲ್ಲ.

ಬಾಯಿಯ ನಾಲ್ಕು ಬದಿ ಅಳೆದಾಗ 101, 99, ನೂರೂವರೆ, ತೊಂಬತ್ತೊಂಬತ್ತೂವರೆ ಅಡಿ ಬಂತು. ಸರಾಸರಿ 100. ಬದಿ ಅಳೆದರಷ್ಟೇ ಸಾಲದು, ಮೂಲೆಯಿಂದ ಮೂಲೆಗೂ ಅಳೆಯಬೇಕು. ನಾಲ್ಕೂ ಬದಿ ನೂರೇ ಇದ್ದರೂ ಆಕಾರ ಓರೆಯಾಗಿದ್ದರೆ ಒಳಗಿನ ಜಾಗ ಕಡಿಮೆ ಆಗುತ್ತದೆ. 100 ಅಡಿಯ ಸರಿಯಾದ ಚೌಕಕ್ಕೆ ಕರ್ಣ 141 ಅಡಿ 5 ಇಂಚು ಇರಬೇಕು. ಇಲ್ಲಿ ಒಂದು ಕರ್ಣ 141, ಇನ್ನೊಂದು 142. ಮಣ್ಣಿನ ಕೆಲಸಕ್ಕೆ ಇದು ಒಳ್ಳೆಯ ಚೌಕವೇ. ಅಂದರೆ ಬಾಯಿಯ ವಿಸ್ತೀರ್ಣ 10,000 ಚದರ ಅಡಿ. ಗುಂಟೆ ಲೆಕ್ಕದಲ್ಲಿ, 33 ಅಡಿಗೆ 33 ಅಡಿಯಂತೆ 1,089 ಚದರ ಅಡಿಗೆ ಒಂದು ಗುಂಟೆ, ಒಂಬತ್ತಕ್ಕಿಂತ ಸ್ವಲ್ಪ ಜಾಸ್ತಿ ಜಾಗ.

ಆಳದಲ್ಲಿ ತಕರಾರು ಬರುವುದು ಹೆಚ್ಚು. ತೆಗೆದ ಮಣ್ಣಿನಲ್ಲಿ ಸುತ್ತಲೂ 3 ಅಡಿ ಎತ್ತರದ ಒಡ್ಡು ಹಾಕಿದ್ದರು. ಒಡ್ಡಿನ ತಲೆಯಿಂದ ಟೇಪು ಬಿಟ್ಟರೆ ಆಳ 13 ಅಡಿ ಕಾಣುತ್ತದೆ. ಆ 3 ಅಡಿ ಯಾರೂ ಅಗೆದಿದ್ದಲ್ಲ, ಮೇಲೆ ಹಾಕಿದ್ದು. ಅಗೆತದ ಆಳ ಮೂಲ ನೆಲದಿಂದಲೇ ಶುರು. ಗೌಂಡಿಗಳು ಮಟ್ಟ ನೋಡುವ ನೀರಿನ ಪೈಪು ತಂದು, ಮೂಲ ನೆಲದ ಮಟ್ಟಕ್ಕೆ ದಾರ ಕಟ್ಟಿದೆವು. ಅಲ್ಲಿಂದ ತಳದ ನಾಲ್ಕು ಮೂಲೆ ಮತ್ತು ನಡುವೆ ಅಳೆದೆವು. ಎಲ್ಲೂ ಎರಡು ಮೂರು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇರಲಿಲ್ಲ. ಸರಾಸರಿ 10 ಅಡಿ. ಗುತ್ತಿಗೆದಾರರು ಒಡ್ಡಿನ ಎತ್ತರವನ್ನು ಸೇರಿಸಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಅವರದು ಮೋಸದ ಲೆಕ್ಕ ಆಗಿರಲಿಲ್ಲ, ರೂಢಿಯ ಲೆಕ್ಕ.

ಕೊನೆಗೆ ಸರಿ ಅರ್ಧ ಆಳದಲ್ಲಿ, ಅಂದರೆ 5 ಅಡಿ ಮಟ್ಟದಲ್ಲಿ ಅಗಲ ನೋಡಿದೆವು. 85 ಅಡಿ ಬಂತು. ಇಳಿಜಾರು ಎಲ್ಲೂ ಹೊಟ್ಟೆ ಬಿಟ್ಟಿಲ್ಲ, ಒಂದೇ ಸಮ ಇಳಿದಿದೆ ಎಂದು ಇದರಿಂದ ಗೊತ್ತಾಯಿತು.

ಹೊಂಡವನ್ನು ಬಿಡಿಸಿ ನೋಡಿದಾಗ

ಸೂತ್ರ ಹೇಳಿ ಉತ್ತರ ಕೊಟ್ಟಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಆದರೆ ನಂಬಿಕೆ ಹುಟ್ಟುತ್ತಿರಲಿಲ್ಲ. ಹಾಗಾಗಿ ತಳದ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ, ಹೊಂಡವನ್ನು ತುಂಡು ತುಂಡಾಗಿ ಬಿಡಿಸಿ ತೋರಿಸಿದೆ.

ನಡುವೆ ತಳದ ಮೇಲೆ ನೆಟ್ಟಗೆ ನಿಂತ ಒಂದು ಪೆಟ್ಟಿಗೆ. 70 ಅಡಿ ಉದ್ದ, 70 ಅಡಿ ಅಗಲ, 10 ಅಡಿ ಎತ್ತರ. ಇದು 49,000 ಘನ ಅಡಿ. ಯಜಮಾನರ ಮಗ ಹೇಳಿದ್ದು ಇಷ್ಟನ್ನೇ.

ಪೆಟ್ಟಿಗೆಯ ನಾಲ್ಕೂ ಪಕ್ಕ ಇಳಿಜಾರಿನ ತುಂಡುಗಳಿವೆ. ಒಂದು ತುಂಡನ್ನು ಅಡ್ಡ ಕೊಯ್ದು ನೋಡಿದರೆ ತ್ರಿಕೋನ. ಮೇಲೆ 15 ಅಡಿ ಅಗಲ, 10 ಅಡಿ ಆಳ. ತ್ರಿಕೋನದ ವಿಸ್ತೀರ್ಣ ಇವುಗಳ ಗುಣಲಬ್ಧದ ಅರ್ಧ, 75 ಚದರ ಅಡಿ. ಉದ್ದ 70 ಅಡಿ. ಹಾಗಾಗಿ ಒಂದು ತುಂಡಿಗೆ 5,250 ಘನ ಅಡಿ, ನಾಲ್ಕಕ್ಕೆ 21,000. ಇದಕ್ಕೂ ಯಾರ ತಕರಾರೂ ಇರಲಿಲ್ಲ.

ಉಳಿದದ್ದು ನಾಲ್ಕು ಮೂಲೆ. ಪ್ರತಿ ಮೂಲೆಯಲ್ಲೂ ಎರಡು ಇಳಿಜಾರು ಸೇರುತ್ತವೆ. ಅಲ್ಲಿ ಮೇಲೆ 15 ಅಡಿಗೆ 15 ಅಡಿಯ ಚೌಕ ಇದೆ. ಕೆಳಗೆ ಇಳಿದಂತೆ ಅದು ಕಿರಿದಾಗುತ್ತಾ ಹೋಗಿ ತಳದ ಮೂಲೆಯಲ್ಲಿ ಒಂದೇ ಬಿಂದುವಾಗುತ್ತದೆ. ಅಂದರೆ ತಲೆಕೆಳಗಾದ ಪಿರಮಿಡ್.

ಈ ಮೂಲೆಗಳಲ್ಲೇ ಎಲ್ಲ ವ್ಯತ್ಯಾಸವೂ ಕೂತಿತ್ತು. 15, 15, 10 ಗುಣಿಸಿದರೆ 2,250 ಘನ ಅಡಿ. ಪಿರಮಿಡ್ ಇದರ ಎಷ್ಟನೇ ಭಾಗ? ಹಿರಿಯರ 745 ಬ್ರಾಸಿನ ಲೆಕ್ಕ ಅದನ್ನು ಅರ್ಧ ಎಂದು ಹಿಡಿಯುತ್ತದೆ. ಮಗಳ 722.5 ಬ್ರಾಸಿನ ಲೆಕ್ಕ ಕಾಲು ಭಾಗ ಎಂದು ಹಿಡಿಯುತ್ತದೆ. ನಿಜವಾಗಿ ಅದು ಮೂರನೇ ಒಂದು ಭಾಗ.

"ಮೂರನೇ ಒಂದು ಭಾಗ ಹ್ಯಾಂಗ್ರಿ?" ಎಂದು ಕೇಳಿದ್ದು ಗುತ್ತಿಗೆದಾರರೇ. ಕೇಳಲೇಬೇಕಾದ ಪ್ರಶ್ನೆ. ತೋಟದ ಮನೆಗೆ ಹೋಗಿ, ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ ಕತ್ತರಿಸಿ ಮಗಳು ಎರಡು ಪಾತ್ರೆ ಮಾಡಿದಳು. ಒಂದು ಡಬ್ಬಿ: ಏಳೂವರೆ ಸೆಂಟಿಮೀಟರಿನ ಚೌಕ, 5 ಸೆಂಟಿಮೀಟರ್ ಎತ್ತರ. ಇನ್ನೊಂದು ಅದೇ ಬಾಯಿ, ಅದೇ ಎತ್ತರದ ಪಿರಮಿಡ್. ಪಿರಮಿಡ್ಡಿಗೆ ಬಿಳಿ ಜೋಳ ತುಂಬಿ, ಅಂಗೈಯಿಂದ ಸಮ ಮಾಡಿ, ಡಬ್ಬಿಗೆ ಸುರಿದೆವು. ಮೂರು ಸಲ ಸುರಿದಾಗ ಡಬ್ಬಿ ಸರಿಯಾಗಿ ತುಂಬಿತು. ಗುತ್ತಿಗೆದಾರರು ಜೋಳ ಹೊರಗೆ ಚೆಲ್ಲಿ ತಾವೂ ಒಮ್ಮೆ ಮಾಡಿ ನೋಡಿದರು. ಆಮೇಲೆ ಆ ವಿಷಯಕ್ಕೆ ವಾದ ಬರಲಿಲ್ಲ.

ಹಾಗಾಗಿ ಒಂದು ಮೂಲೆಗೆ 750 ಘನ ಅಡಿ, ನಾಲ್ಕಕ್ಕೆ 3,000. ಈಗ ಕೂಡಿಸಿ: 49,000, 21,000, 3,000. ಒಟ್ಟು 73,000 ಘನ ಅಡಿ. 730 ಬ್ರಾಸ್.

ಹಿರಿಯರ "ನಡುವಿಂದು" 15 ಬ್ರಾಸ್ ಜಾಸ್ತಿ, ಮಗಳದು ಏಳೂವರೆ ಬ್ರಾಸ್ ಕಡಿಮೆ. 250ರ ದರದಲ್ಲಿ ಇವು 3,750 ಮತ್ತು 1,875 ರೂಪಾಯಿ. ಸಣ್ಣ ಹೊಂಡಕ್ಕೆ ಮಗಳ ದಾರಿ ಸಾಕು ಎಂದೇ ನಾನು ಹೇಳುತ್ತೇನೆ. ಬಾಯಿ ಮತ್ತು ತಳದ ನಡುವೆ ಅಂತರ ಜಾಸ್ತಿ ಇದ್ದಷ್ಟೂ ಮೂಲೆಗಳು ದೊಡ್ಡವಾಗುತ್ತವೆ, ತಪ್ಪೂ ದೊಡ್ಡದಾಗುತ್ತದೆ.

ತುಂಡು ಮಾಡದೆ ಒಂದೇ ಸಲಕ್ಕೆ ಉತ್ತರ ಬರುವ ದಾರಿಯೂ ಇದೆ. ಅದು ನಮ್ಮಲ್ಲಿ ತುಂಬಾ ಹಳೆಯದು. 1150ರಲ್ಲಿ ಭಾಸ್ಕರಾಚಾರ್ಯರು ಬರೆದ ಲೀಲಾವತಿಯಲ್ಲಿ ಅಗೆದ ಗುಂಡಿಗಳ ಲೆಕ್ಕಕ್ಕೇ ಒಂದು ಭಾಗವಿದೆ. ಅದರ ರೀತಿ ಹೀಗೆ. ಬಾಯಿಯ ವಿಸ್ತೀರ್ಣ ತಗೊಳ್ಳಿ: 10,000. ತಳದ ವಿಸ್ತೀರ್ಣ ತಗೊಳ್ಳಿ: 4,900. ಬಾಯಿ ಮತ್ತು ತಳದ ಬದಿಗಳನ್ನು ಕೂಡಿಸಿ ಅದರ ವಿಸ್ತೀರ್ಣ ಮಾಡಿ: 170 ಗುಣಿಸು 170, ಅಂದರೆ 28,900. ಮೂರನ್ನೂ ಕೂಡಿಸಿದರೆ 43,800. ಆರರಿಂದ ಭಾಗಿಸಿದರೆ 7,300. ಆಳ 10ರಿಂದ ಗುಣಿಸಿದರೆ 73,000. ಸುಣ್ಣದ ಗೆರೆ ಹಾಕಿ ಕಂಡುಕೊಂಡ ಉತ್ತರವೇ ಇದು. ಭಾಸ್ಕರಾಚಾರ್ಯರು ತಮ್ಮ ಊರನ್ನು ಸಹ್ಯಾದ್ರಿ ಭಾಗದ ವಿಜ್ಜಡವಿಡ ಎಂದು ಕರೆದಿದ್ದಾರೆ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ. ಆ ವಾದ ಏನೇ ಇರಲಿ, ಎಂಟುನೂರಕ್ಕೂ ಹೆಚ್ಚು ವರ್ಷದ ಹಿಂದಿನ ಲೆಕ್ಕ ಟಿಕೋಟಾದ ಎರಿ ಹೊಲದಲ್ಲಿ ಕೂದಲೆಳೆಯಷ್ಟೂ ತಪ್ಪದೆ ಕೂತದ್ದು ನೋಡಿ ನನಗೆ ಹೆಮ್ಮೆ ಎನಿಸಿತು.

ಮಣ್ಣಿನ ಗುಡ್ಡೆ ಮತ್ತು ದರದ ಮಾತು

ಗುತ್ತಿಗೆದಾರರು ಇನ್ನೊಂದು ಪ್ರಶ್ನೆ ಎತ್ತಿದರು. ಒಡ್ಡಿನ ಮಣ್ಣು, ಪಕ್ಕದ ಗುಡ್ಡೆ, ರಸ್ತೆಗೆ ಒಯ್ದ ಟ್ರಾಲಿಗಳು ಎಲ್ಲ ಸೇರಿದರೆ 730ಕ್ಕಿಂತ ಬಹಳ ಜಾಸ್ತಿ ಆಗುತ್ತದಲ್ಲ ಎಂದು. ಅವರು ಹೇಳಿದ್ದು ನಿಜ. ನೆಲದಲ್ಲಿ ಒತ್ತಾಗಿ ಕೂತ ಮಣ್ಣನ್ನು ಅಗೆದು ಹಾಕಿದರೆ ಅದು ಸಡಿಲಾಗಿ ಉಬ್ಬುತ್ತದೆ. ಇಂಥ ಮಣ್ಣು ಸಾಮಾನ್ಯವಾಗಿ ಕಾಲು ಭಾಗದ ಆಸುಪಾಸು ಉಬ್ಬುತ್ತದೆ. 730 ಬ್ರಾಸ್ ಅಗೆದರೆ ಹೊರಗೆ 900 ದಾಟಬಹುದು. ಟ್ರಾಲಿ ಎಣಿಸಿ ಲೆಕ್ಕ ಹಾಕುವವರು ಇದನ್ನು ಮರೆಯಬಾರದು. 10 ಅಡಿ ಉದ್ದ, 6 ಅಡಿ ಅಗಲ, 1 ಅಡಿ 8 ಇಂಚು ಎತ್ತರದ ಟ್ರಾಲಿ ಅಂಚಿಗೆ ಸಮ ತುಂಬಿದರೆ ಒಂದು ಬ್ರಾಸ್ ಹೌದು. ಆದರೆ ಅದು ಉಬ್ಬಿದ ಮಣ್ಣಿನ ಬ್ರಾಸ್. ನೆಲದ ಲೆಕ್ಕಕ್ಕೆ ಅದು 80 ಘನ ಅಡಿಯೇ.

ಅವರ ಕೊನೆಯ ಮಾತು ನನಗೆ ನ್ಯಾಯವಾಗಿ ಕಂಡಿತು. "ನಾ ಯಾವಾಗಲೂ ಮ್ಯಾಲಿನ ಅಳತಿಗೇ ದರ ಹೇಳೂದು, ಕಾಕಾ. ಅದಕ್ಕ ಇನ್ನೂರಾ ಐವತ್ತು ಅಂದಿದ್ದೆ. ಖರೇ ಅಳತಿ ಹಿಡಿಯೂದಿದ್ರ ದರ ಬ್ಯಾರೆ ಹೇಳತಿದ್ದೆ." ಬರೆದ ಕಾಗದ ಇರಲಿಲ್ಲ. ಡೀಸೆಲ್ ಖರ್ಚು ಅವರದೇ. ಘನ ಅಳತೆ ಎಷ್ಟು ಎಂಬುದಕ್ಕೆ ಗಣಿತ ಉತ್ತರ ಕೊಡುತ್ತದೆ. ದರ ಎಷ್ಟು ಎಂಬುದನ್ನು ಮನುಷ್ಯರೇ ಮಾತಾಡಿ ತೀರ್ಮಾನಿಸಬೇಕು. ಹಿರಿಯರು ಬ್ರಾಸಿಗೆ 25 ರೂಪಾಯಿ ಏರಿಸಿದರು. 730 ಬ್ರಾಸಿಗೆ 275ರಂತೆ 2,00,750 ರೂಪಾಯಿ. ಇಬ್ಬರೂ ಒಪ್ಪಿದರು.

ಹಾಳೆ ಎಷ್ಟು ಬೇಕು

ಜಗಳ ಮುಗಿದರೂ ಅಳತೆ ಮುಗಿಯಲಿಲ್ಲ. ನೀರು ಇಂಗದಂತೆ ಹಾಕುವ 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆಗೆ ಆರ್ಡರ್ ಕೊಡಬೇಕಿತ್ತು. ಬಾಯಿ 100 ಅಡಿ ಇದೆ, 100 ಅಡಿಯ ಹಾಳೆ ಸಾಕು ಎಂದು ಮನೆಯವರ ಅಂದಾಜು. ಆದರೆ ಹಾಳೆ ಹೊಂಡದ ಮೈಗೆ ಅಂಟಿ ಇಳಿಯಬೇಕು. ಅದಕ್ಕೆ ಇಳಿಜಾರಿನ ಉದ್ದ ಬೇಕು. 15ರ ವರ್ಗ 225, 10ರ ವರ್ಗ 100, ಕೂಡಿಸಿದರೆ 325. ಅದರ ವರ್ಗಮೂಲ 18ಕ್ಕಿಂತ ಕೂದಲಷ್ಟು ಜಾಸ್ತಿ. ಟೇಪು ಹಿಡಿದರೂ 18 ಅಡಿಯೇ ಬಂತು.

ಒಂದು ದಂಡೆಯಿಂದ 18 ಇಳಿದು, ತಳದಲ್ಲಿ 70 ಹಾದು, ಮತ್ತೆ 18 ಏರಬೇಕು. 106 ಅಡಿ. ದಂಡೆಯ ಮೇಲೆ ಸಣ್ಣ ಕಾಲುವೆ ತೋಡಿ ಹಾಳೆಯ ಅಂಚನ್ನು ಮಣ್ಣಲ್ಲಿ ಹೂಳಬೇಕು, ಅದಕ್ಕೆ ಎರಡೂ ಕಡೆ 3 ಅಡಿ. ಒಟ್ಟು 112 ಅಡಿ. ಹಾಳೆ 12,544 ಚದರ ಅಡಿ, ಅಂದರೆ ಸುಮಾರು 1,165 ಚದರ ಮೀಟರ್. ಮನೆಯವರ ಅಂದಾಜಿಗಿಂತ ಎರಡೂವರೆ ಸಾವಿರ ಚದರ ಅಡಿ ಜಾಸ್ತಿ. ನಾಲ್ಕು ಮೂಲೆಗಳಲ್ಲಿ ಹಾಳೆ ಸ್ವಲ್ಪ ಮಡಿಕೆ ಬೀಳುತ್ತದೆ, ಅದನ್ನು ಕತ್ತರಿಸಬಾರದು.

ಹಾಳೆಯ ತೂಕವನ್ನೂ ಅಲ್ಲೇ ಲೆಕ್ಕ ಹಾಕಿದೆವು. 500 ಮೈಕ್ರಾನ್ ಅಂದರೆ ಅರ್ಧ ಮಿಲಿಮೀಟರ್ ದಪ್ಪ. ವಿಸ್ತೀರ್ಣಕ್ಕೆ ದಪ್ಪ ಗುಣಿಸಿದರೆ 0.58 ಘನ ಮೀಟರ್ ಪ್ಲಾಸ್ಟಿಕ್. ಈ ಜಾತಿಯ ಪ್ಲಾಸ್ಟಿಕ್ ನೀರಿಗಿಂತ ಸ್ವಲ್ಪ ಹಗುರ. ಹಾಗಾಗಿ ಸುಮಾರು ಐದೂವರೆ ಕ್ವಿಂಟಲ್. ಇಬ್ಬರು ಮೂವರು ಎಳೆದು ಹಾಸುವ ಸಾಮಾನಲ್ಲ. ಹಾಸುವ ದಿನಕ್ಕೆ ಆಳುಗಳನ್ನು ಮೊದಲೇ ಹೇಳಿಟ್ಟುಕೊಂಡರು.

ನೀರಿನ ಕೋಲು

ಒಂದು ಘನ ಅಡಿಯಲ್ಲಿ 28.3 ಲೀಟರ್ ನೀರು ಹಿಡಿಯುತ್ತದೆ. 73,000 ಘನ ಅಡಿಗೆ 20 ಲಕ್ಷ 67 ಸಾವಿರ ಲೀಟರ್. ಆದರೆ ದಂಡೆಗೆ ಸಮ ತುಂಬಿಸಬಾರದು, ಗಾಳಿಗೆ ಅಲೆ ಎದ್ದು ಅಂಚು ಕೊರೆಯುತ್ತದೆ. ಒಂದು ಅಡಿ ಬಿಟ್ಟು 9 ಅಡಿಗೆ ನಿಲ್ಲಿಸಿದರೆ 17 ಲಕ್ಷ 92 ಸಾವಿರ ಲೀಟರ್. ಮೇಲಿನ ಒಂದೇ ಅಡಿಗೆ 2 ಲಕ್ಷ 75 ಸಾವಿರ ಲೀಟರ್! ತಳದ ಮೊದಲ ಅಡಿಯಲ್ಲಿ 1 ಲಕ್ಷ 45 ಸಾವಿರವೇ ಇರುವುದು.

ತೋಟದವರಿಗೆ ದಿನಾ ಬೇಕಾಗುವ ಲೆಕ್ಕ ಇದು. ನೀರು 5 ಅಡಿ ಇದೆ, ಅಂದರೆ ಅರ್ಧ ಹೊಂಡ ಇದೆ ಎಂದು ಸುಮ್ನೆ ನಂಬಿ ಕೂತರೆ ಏಪ್ರಿಲ್‌ನಲ್ಲಿ ಕಷ್ಟ. 5 ಅಡಿಯಲ್ಲಿ ಇರುವುದು 8 ಲಕ್ಷ 53 ಸಾವಿರ ಲೀಟರ್. ಇಡೀ ಹೊಂಡದ ನೂರಕ್ಕೆ 41 ಭಾಗ ಮಾತ್ರ. ಒಂದು ಸಲ ಹನಿ ನೀರಾವರಿಗೆ 20,000 ಲೀಟರ್ ಬಿಡುವುದಾದರೆ 42 ಸಲಕ್ಕೆ ಮುಗಿಯುತ್ತದೆ. ಬಿಸಿಲಿಗೆ ಆವಿಯಾಗುವುದು ಬೇರೆ. ಹೊಂಡ 9 ಅಡಿ ತುಂಬಿದಾಗ ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿದರೂ 8,700 ಲೀಟರ್ ಹೋದ ಹಾಗೆ.

ಮಗಳು 10 ಅಡಿಯ ಪೈಪಿಗೆ ಅಡಿ ಅಡಿಗೆ ಬಣ್ಣದ ಗೆರೆ ಹಾಕಿದಳು. ಪ್ರತಿ ಗೆರೆಯ ಪಕ್ಕ ಅಡಿಯ ಬದಲು ಲೀಟರ್ ಬರೆದಳು. ಎಲ್ಲ ಮಟ್ಟಕ್ಕೂ ಲೀಲಾವತಿಯ ಆರರ ಭಾಗಾಕಾರವೇ. ಆ ಮಟ್ಟದ ನೀರಿನ ಅಗಲವನ್ನು ಬಾಯಿ ಎಂದು ಹಿಡಿದರಾಯಿತು. ತಳದ 70ಕ್ಕೆ ಅಡಿಗೆ 3ರಂತೆ ಸೇರಿಸುತ್ತಾ ಹೋದರೆ ಆ ಅಗಲ ಸಿಗುತ್ತದೆ.

ಆಮೇಲೆ ಅದೇ ಗುತ್ತಿಗೆದಾರರು ಬಾಬಾನಗರದ ಕಡೆ ಇನ್ನೊಂದು ಹೊಂಡ ಹಿಡಿದರು. ಅದು ಗರಸಿನ ನೆಲ, ಇಳಿಜಾರು ಒಂದಕ್ಕೆ ಒಂದೇ ಸಾಕು. ಬಾಯಿ 120ಕ್ಕೆ 80 ಅಡಿ, ತಳ 100ಕ್ಕೆ 60, ಆಳ 10. ಅಗೆಯುವ ಮುಂಚೆಯೇ ಕಾಗದದ ಮೇಲೆ ಲೆಕ್ಕ ಬರೆದು, ನೋಡಿರಿ ಎಂದು ಫೋಟೊ ಕಳಿಸಿದರು. ಬಾಯಿ 9,600, ತಳ 6,000, ಕೂಡಿಸಿದ ಬದಿಗಳದು 220 ಗುಣಿಸು 140, ಅಂದರೆ 30,800. ಒಟ್ಟು 46,400. ಆರರಿಂದ ಭಾಗಿಸಿ ಹತ್ತರಿಂದ ಗುಣಿಸಿ 773 ಬ್ರಾಸ್ ಎಂದು ಬರೆದಿದ್ದರು. ಲೆಕ್ಕ ಸರಿ ಇತ್ತು. ಕೆಳಗೆ ಇನ್ನೆರಡು ಸಾಲೂ ಇದ್ದವು: ಆಳ ಮೂಲ ನೆಲದಿಂದ, ಒಡ್ಡು ಸೇರಿಲ್ಲ. ದರ ನೆಲದಲ್ಲಿದ್ದ ಮಣ್ಣಿನ ಅಳತೆಗೆ.